ಭುಜದ ಹಿಂದೆ ನಾಲ್ಕು ಬೆರಳು

ಬೇಟೆಯ ಕಾಲ ಶುರುವಾಗಿ ಅಂದಿಗೆ ನಾಲ್ಕನೆಯ ದಿನ. ಬೆಳಕು ಹರಿದು ಗಂಟೆ ಕಳೆದರೂ ಲೆಂಪಿ ಕೊಸ್ಕೆಲಾಳ ಎದುರಿನ ತೆರಪಿಗೆ ಒಂದು ಜೀವವೂ ಇಳಿದಿರಲಿಲ್ಲ. ರಾತ್ರಿ ಬಿದ್ದ ಹಿಮ ಪಾದ ಮುಳುಗುವಷ್ಟಿತ್ತು. ಬೇಟೆಗೆ ಅಡಗಿ ಕೂರಲೆಂದು ಹಲಗೆ ಬಡಿದು, ಮುಂದೆ ಗೋಣಿ ಇಳಿಬಿಟ್ಟ ಮರಸಿನಲ್ಲಿ ಅವಳು ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕಿತ್ತಳೆ ಬಣ್ಣದ ಟೋಪಿಯನ್ನು ಕಿವಿಯ ಕೆಳಗೆ ಎಳೆದುಕೊಂಡು ಕೂತಿದ್ದಳು. ಕಾಲಿನ ಬೆರಳುಗಳು ಇವೆಯೋ ಇಲ್ಲವೋ ಎಂದು ಆಗಾಗ ಬೂಟಿನೊಳಗೇ ಮಡಚಿ ನೋಡಿಕೊಳ್ಳುತ್ತಿದ್ದಳು. ಮನಸ್ಸು ಮಾತ್ರ ಬಯಲಿನಲ್ಲಿರಲಿಲ್ಲ, ಬೆಳಗಿನ ಜಾವದ ಅಡುಗೆ ಮೇಜಿನಲ್ಲೇ ಕೂತುಬಿಟ್ಟಿತ್ತು. ಬೇಟೆಮನೆಯ ಬಾಗಿಲು ತಳ್ಳಿ ಅವಳು ಕೋವಿಯ ಚೀಲ ಇಳಿಸುವಾಗ ಗಂಡನ ಅಣ್ಣ ಅರ್ವಿಡ್, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ, ತಲೆಯೆತ್ತದೆ ಕೇಳಿದ್ದ: "ಏನಮ್ಮ ಲೆಂಪಿ, ಈ ಸಲ ಹುಡುಕೋಕೆ ಟಾರ್ಚ್ ತಂದಿದೀಯ ತಾನೇ?" ಕಾಗದದ ಗಿರಣಿಯಲ್ಲಿ ಅವನ ಜೊತೆ ಕೆಲಸ ಮಾಡಿ ಅವನ ಜೊತೆಯೇ ನಿವೃತ್ತನಾದ ರೂಡಿ, ಬಟ್ಟಲಿನೊಳಕ್ಕೆ ಮೂಗಿಟ್ಟು ನಕ್ಕ. ಲೆಂಪಿಯೂ ನಕ್ಕಳು. ರೂಡಿಯ ನಗುವನ್ನು ಅವಳು ಬಾಗಿಲು ದಾಟುವಾಗಲೇ ಮರೆತಿದ್ದಳು. ತಾನು ನಕ್ಕದ್ದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಉಳಿದುಬಿಟ್ಟಿತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಐವತ್ತೇಳು ವರ್ಷದ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸುವವಳು, ಯಾಕೆ ನಕ್ಕೆ?

ಈ ಮರಸನ್ನು ಅವಳೂ ಗಂಡ ವೆರ್ನರನೂ ಸೇರಿ ಕಟ್ಟಿದ್ದು. ಹಲಗೆ ಹಿಡಿದವಳು ಅವಳು, ಮೊಳೆ ಹೊಡೆದವನು ಅವನು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಗೆಯೇ ನಡೆದಿತ್ತು, ಮತ್ತು ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ. ಅವಳಿಗೆ ನಲವತ್ತು ತುಂಬಿದಾಗ ಅವನೇ ಈ ಸಣ್ಣ ಕೋವಿ ತಂದುಕೊಟ್ಟಿದ್ದ, ತನ್ನ ದೊಡ್ಡ ಕೋವಿ ಅವಳ ಭುಜಕ್ಕೆ ಒದೆಯುತ್ತದೆಂದು. ಅರ್ವಿಡ್ ಅದನ್ನು 'ಗೊಂಬೆ ಕೋವಿ' ಅನ್ನುತ್ತಿದ್ದ. ವೆರ್ನರ್ ಹಾಗೆ ಅನ್ನುತ್ತಿರಲಿಲ್ಲ, ಆದರೆ ಹೇಳಿಕೊಡುತ್ತಿದ್ದದ್ದು ಮಾತ್ರ ತನ್ನ ದೊಡ್ಡ ಕೋವಿಯ ಪಾಠವನ್ನೇ: "ಭುಜಕ್ಕೆ ಹೊಡಿ ಲೆಂಪಿ. ಮೂಳೆ ಮುರಿದರೆ ನಿಂತಲ್ಲೇ ಕೂರುತ್ತೆ. ಹುಡುಕೋ ತಾಪತ್ರಯ ಇಲ್ಲ." ಅವನ ಕೋವಿಯಿಂದ ಹೊರಟ ಹೆಬ್ಬೆರಳಿನಷ್ಟು ಸೀಸ ಭುಜದ ಮೂಳೆಯನ್ನು ಬಿಸ್ಕತ್ತಿನ ಹಾಗೆ ಪುಡಿ ಮಾಡಿ ಆಚೆ ಹೋಗುತ್ತಿದ್ದದ್ದು ನಿಜ. ಅದೇ ಮಾತು ಈ ಕೋವಿಗೂ ಹೊಂದುತ್ತದೆಯೇ ಎಂದು ಅವನು ಯೋಚಿಸಿರಲಿಲ್ಲ. ಅವಳೂ ಕೇಳಿರಲಿಲ್ಲ. ಮೂರು ವರ್ಷದ ಹಿಂದೆ, ಮಾರ್ಚಿನಲ್ಲಿ, ಚಾವಣಿಯ ಹಿಮ ಗೋರುತ್ತ ಗೋರುತ್ತಲೇ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅವಳು ಯಾರೂ ಕರೆಯದೆ ಬಂದು ಈ ಮರಸಿನಲ್ಲಿ ಕೂತಳು. ನೆಲ ಅರ್ವಿಡನ ಹೆಸರಿನಲ್ಲಿತ್ತು. ಅವನು ಬಾ ಅನ್ನಲಿಲ್ಲ, ಹೋಗೂ ಅನ್ನಲಿಲ್ಲ, ಪಾತ್ರೆ ತೊಳೆಯುವ ಕೆಲಸವನ್ನು ಮಾತ್ರ ಯಾವ ಮಾತೂ ಇಲ್ಲದೆ ಅವಳ ಕಡೆಗೆ ಸರಿಸಿದ.

ಹೋದ ವರ್ಷ ಅವಳ ತೋಟಾ ಮುಗಿದಿತ್ತು. ಅರ್ವಿಡ್ ಬೀರುವಿನಿಂದ ಒಂದು ಪೆಟ್ಟಿಗೆ ತೆಗೆದು ಎಸೆದಿದ್ದ. "ನಿನ್ನ ಗೊಂಬೆ ಕೋವಿಗೆ ಸರಿಹೋಗುತ್ತೆ, ತಗೋ." ಸರಿಹೋಯಿತು ಕೂಡ. ಹೆಣ್ಣು ಜಿಂಕೆ ಅರವತ್ತು ಹೆಜ್ಜೆಯಲ್ಲಿ ನಿಂತಿತ್ತು, ಇವಳು ಭುಜಕ್ಕೇ ಗುರಿಯಿಟ್ಟಳು, ಭುಜಕ್ಕೇ ಹೊಡೆದಳು. ಅದು ಮುಗ್ಗರಿಸಿತು, ಎದ್ದಿತು, ಒಂದು ಮುಂಗಾಲು ಜೋತಾಡುತ್ತ ಸೀಡರ್ ಮರಗಳ ಜೌಗಿನೊಳಕ್ಕೆ ನುಗ್ಗಿತು. ಕತ್ತಲಾಗುವವರೆಗೆ ಹುಡುಕಿದಳು. ಮಾರನೆಯ ದಿನ ಕಾಗೆಗಳು ದಾರಿ ತೋರಿಸಿದವು. ತೋಳನ ಜಾತಿಯ ಸಣ್ಣ ಮೃಗಗಳು ಹಿಂದಿನಿಂದ ತಿನ್ನುತ್ತ ಬಂದಿದ್ದವು. ಹಿಮದ ಮೇಲೆ ಅದು ಮಲಗಿ, ಎದ್ದು, ಮತ್ತೆ ಮಲಗಿದ್ದ ಏಳು ಗುಳಿಗಳಿದ್ದವು. ಅವಳು ಎಣಿಸಿದ್ದಳು. ಭುಜದ ಮೇಲೆ ಅಂಗೈಯಗಲದ ಗಾಯ, ಆದರೆ ಒಂದು ಬೆರಳಿನಷ್ಟೂ ಆಳವಿಲ್ಲ. ಎದೆಯ ಒಳಗೆ ಏನೂ ಆಗಿರಲಿಲ್ಲ. ಆಗ ಅವಳಿಗೆ ಅದರ ಅರ್ಥ ತಿಳಿಯಲಿಲ್ಲ. 'ಹೆಂಗಸಿನ ಕೈ' ಅಂದ ಅರ್ವಿಡ್, ಮತ್ತು ಅವಳು ತನ್ನ ಕೈಯನ್ನೇ ನೋಡಿಕೊಂಡಳು.

ಆ ಗಾಯವನ್ನು ಅವಳು ವರ್ಷವಿಡೀ ಯೋಚಿಸಿದಳು, ಆಲೂಗಡ್ಡೆ ಹೆಚ್ಚುವಾಗ, ತಟ್ಟೆ ಒರೆಸುವಾಗ. ಜೂನ್ ತಿಂಗಳಲ್ಲಿ ಶಾಲೆಯ ಖಾಲಿ ಹಾಲಿನ ಪ್ಲಾಸ್ಟಿಕ್ ಕ್ಯಾನುಗಳನ್ನು ಗಾಡಿಯಲ್ಲಿ ತುಂಬಿಕೊಂಡು ಊರಾಚೆಯ ಜಲ್ಲಿ ಗುಂಡಿಗೆ ಹೋದಳು. ನೀರು ತುಂಬಿಸಿ ಏಳನ್ನು ಸಾಲಾಗಿ ಇಟ್ಟಳು. ಅರ್ವಿಡ್ ಕೊಟ್ಟ ತೋಟಾ ಮೊದಲನೆಯ ಕ್ಯಾನನ್ನು ಚಿಂದಿ ಮಾಡಿ ಆಕಾಶಕ್ಕೆ ಹಾರಿಸಿತು. ಎರಡನೆಯದರ ಮೇಲೆ ಬರೀ ಗೀರು. ಚಿಂದಿಯೊಳಗೆ ಸಿಕ್ಕದ್ದು ಸಾಸಿವೆಕಾಳಿನಂಥ ಸೀಸದ ಚೂರುಗಳು. ಆಮೇಲೆ ದಪ್ಪ ತಾಮ್ರದ ಹೊದಿಕೆಯ, ಅದೇ ಅಳತೆಯ ಬೇರೆ ಗುಂಡನ್ನು ಹಾರಿಸಿದಳು. ಅದು ಸದ್ದುಗದ್ದಲವಿಲ್ಲದೆ ಐದು ಕ್ಯಾನು ದಾಟಿ ಆರನೆಯದರಲ್ಲಿ ಅಣಬೆಯ ಹಾಗೆ ಅರಳಿ ಕೂತಿತ್ತು. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಅರ್ವಿಡನ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಒಂದು ಮೂಲೆಯಲ್ಲಿ, ಉಗುರಿನಷ್ಟು ಚಿತ್ರ: ಹೊಲದಲ್ಲಿ ಬಿಲ ತೋಡುವ ಹೆಗ್ಗಣದಂಥ ಪ್ರಾಣಿ. ಅದರ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು: ಮೈ ಸೋಕಿದೊಡನೆ ಸಿಡಿದುಹೋಗಲೆಂದೇ ಮಾಡಿದ ಗುಂಡು. ಅದರಿಂದ ಜಿಂಕೆಯ ಭುಜದ ಮೂಳೆಗೆ ಹೊಡೆಯುವುದೂ ಗೋಡೆಗೆ ಮೊಟ್ಟೆ ಎಸೆಯುವುದೂ ಒಂದೇ. ಅವನಿಗೆ ಗೊತ್ತಿತ್ತೇ? ಈ ಪ್ರಶ್ನೆ ಆ ಬೇಸಿಗೆಯೆಲ್ಲ ಅವಳ ಜೊತೆ ಊಟಕ್ಕೆ ಕೂತಿತು.

ಗೋಣಿಯ ಆಚೆ ಏನೋ ಕದಲಿತು. ಕೊಂಬಿನ ಗಂಡು ಜಿಂಕೆ, ಎಂಟು ಕವಲಿನದು, ಪೈನ್ ಮರಗಳ ನೆರಳಿನಿಂದ ಮೂತಿ ಚಾಚಿ ಗಾಳಿ ಮೂಸಿತು. ಲೆಂಪಿ ತಾಮ್ರದ ಹೊದಿಕೆಯ ಗುಂಡು ತುಂಬಿದ ಕೋವಿಯನ್ನು ಹಲಗೆಯ ಮೇಲೆ ಊರಿ ಅದರ ದುರ್ಬೀನಿಗೆ ಕಣ್ಣಿಟ್ಟಳು. ಎಂಬತ್ತು ಹೆಜ್ಜೆ. ಅದು ಓರೆಯಾಗಿ ಇವಳ ಕಡೆಗೇ ಮುಖ ಮಾಡಿತ್ತು. ಎದೆ ಇತ್ತ, ಹೊಟ್ಟೆ ಅತ್ತ, ನಡುವೆ ಅಗಲವಾದ ಭುಜ. ಈ ಭಂಗಿಯಲ್ಲಿ ಹೊಡೆದರೆ ಗುಂಡು ಮೂಳೆಗೆ ಬಡಿದು, ಉಳಿದರೆ, ಕರುಳಿಗೆ ಹೋಗುತ್ತದೆ. 'ಭುಜ ಲೆಂಪಿ, ಭುಜ,' ಅಂದ ವೆರ್ನರ್, ಅವಳ ಕಿವಿಯ ಹಿಂದೆ, ಹೊಗೆಸೊಪ್ಪಿನ ವಾಸನೆಯ ಸಮೇತ, 'ಈಗಲೇ, ಹೋಗಿಬಿಡುತ್ತೆ.' ಹೋದರೆ ಹೋಗಲಿ, ಅಂದುಕೊಂಡಳು. ಅವನ ಮಾತಿಗೆ ಎದುರಾಡಿದ್ದು ಅದೇ ಮೊದಲು. ಬದುಕಿದ್ದಾಗ ಅಂದಿದ್ದರೆ ಅವನು ನಗುತ್ತಿದ್ದನೇನೋ, ಒಪ್ಪಿಯೂ ಒಪ್ಪುತ್ತಿದ್ದನೇನೋ. ಅದನ್ನು ತಿಳಿಯುವ ದಾರಿ ಈಗ ಇರಲಿಲ್ಲ. ಬೆರಳು ಟ್ರಿಗರಿನ ಹೊರಗೇ ಇತ್ತು. ಗಂಡು ನೆಲ ಕೆರೆಯಿತು, ಎರಡು ಹೆಜ್ಜೆ ನಡೆಯಿತು, ಮತ್ತೆ ನಿಂತು ಇವಳನ್ನೇ ನೋಡುವಂತೆ ನೋಡಿತು. ಆಮೇಲೆ, ಯಾರೋ ಕರೆದ ಹಾಗೆ, ಅದು ಪಕ್ಕಕ್ಕೆ ಪೂರ್ತಿ ತಿರುಗಿತು. ಮುಂಗಾಲಿನ ಹಿಂಬದಿಯ ಗೆರೆಯನ್ನು ಹಿಡಿದು ಮೇಲಕ್ಕೆ, ಮೈಯ ಎತ್ತರದ ಮೂರನೆಯ ಒಂದು ಪಾಲು, ಅಲ್ಲಿಂದ ಹಿಂದಕ್ಕೆ ನಾಲ್ಕು ಬೆರಳು. ಅಲ್ಲಿ ಮೂಳೆಯಿಲ್ಲ, ಪಕ್ಕೆಲುಬಿನ ಸಂದಿ, ಅದರ ಹಿಂದೆ ಎರಡೂ ಶ್ವಾಸಕೋಶ. ಉಸಿರನ್ನು ಅರ್ಧ ಬಿಟ್ಟಳು. ಈಡು ಹಾರಿತು.

ಗಂಡು ಹಿಂಗಾಲು ಝಾಡಿಸಿ, ಬಾಲ ತಗ್ಗಿಸಿ, ನೆಲಕ್ಕೆ ಹೊಟ್ಟೆ ತಾಗುವ ಹಾಗೆ ಓಡಿ ಮರಗಳೊಳಗೆ ಮರೆಯಾಯಿತು. ಅವಳು ಇನ್ನೊಂದು ತೋಟಾ ಏರಿಸುವಷ್ಟರಲ್ಲಿ, ಅದು ಹೋದ ದಿಕ್ಕಿನಿಂದ ಇನ್ನೊಂದು ಈಡು ಕೇಳಿತು. ದೊಡ್ಡದು, ಗುಡ್ಡಕ್ಕೆ ಬಡಿದು ಮರಳಿ ಬಂದದ್ದು. ಅರ್ವಿಡನ ಮರಸು ಇದ್ದದ್ದು ಆ ಕಡೆಗೇ.

ಅವಳು ಏಳಲಿಲ್ಲ. ಪೆಟ್ಟು ತಿಂದ ಪ್ರಾಣಿಯ ಬೆನ್ನು ಹತ್ತಬಾರದು, ಮಲಗಲು ಬಿಡಬೇಕು, ಅರ್ಧ ಗಂಟೆ. ಆದರೆ ಆ ಎರಡನೆಯ ಸದ್ದು ಅವಳ ಅರ್ಧ ಗಂಟೆಯೊಳಗೆ ನುಗ್ಗಿ ಎಲ್ಲವನ್ನೂ ಕಲಕಿತು. ನನ್ನದು ತಪ್ಪಿತೇ? ಹಿಂಗಾಲು ಝಾಡಿಸಿದ್ದು ಎದೆಗೆ ತಾಗಿದ ಗುರುತೋ, ಕಿವಿಯ ಪಕ್ಕ ಹೋದ ಗುಂಡಿನ ಹೆದರಿಕೆಯೋ? ಈಗ ಅರ್ವಿಡ್ ಏನು ಹೇಳುತ್ತಾನೆ ಎಂಬುದು ಅವಳಿಗೆ ಕೇಳಿಸಲೇ ತೊಡಗಿತು. ಟಾರ್ಚಿನ ಮಾತಿನ ಮುಂದಿನ ಸಾಲು. ಅದಕ್ಕೆ ತಾನು ನಗುವುದೂ ಕೇಳಿಸಿತು. ಶಾಲೆಯಲ್ಲಿ ಒಮ್ಮೆ ಸಾರಿನ ದೊಡ್ಡ ಪಾತ್ರೆ ಕೈಜಾರಿದಾಗಲೂ ಹೀಗೇ ನಕ್ಕಿದ್ದಳು, ಕಾಲು ಸುಟ್ಟಿದ್ದರೂ. ಯಾರೂ ಬೈಯುವ ಮೊದಲೇ ನಕ್ಕುಬಿಡುವುದು. ಗಡಿಯಾರ ನೋಡಿದಳು, ಏಳು ನಿಮಿಷ. ಮತ್ತೆ ನೋಡಿದಳು, ಒಂಬತ್ತು. ಹೋದ ವರ್ಷದ ಏಳು ಗುಳಿಗಳು ಒಂದೊಂದಾಗಿ ಬಂದು ಮುಂದೆ ನಿಂತವು. ಅವಳು ಅವನ್ನು ಓಡಿಸಲಿಲ್ಲ. ಮೂವತ್ತನೆಯ ನಿಮಿಷಕ್ಕೆ ಎದ್ದಾಗ ಮೊಣಕಾಲು ಸೆಟೆದು ಹಲಗೆ ಹಿಡಿದುಕೊಳ್ಳಬೇಕಾಯಿತು.

ಜಿಂಕೆ ನಿಂತಿದ್ದಲ್ಲಿ ಕತ್ತರಿಸಿದ ಕೂದಲಿತ್ತು. ಹತ್ತು ಹೆಜ್ಜೆಗೆ ರಕ್ತದ ಮೊದಲ ಹನಿ. ಅವಳು ಕೈಗವಸು ತೆಗೆದು ಬೆರಳಲ್ಲಿ ಮುಟ್ಟಿದಳು. ತಿಳಿಗೆಂಪು, ಒಳಗೆ ಸಣ್ಣ ಸಣ್ಣ ಗುಳ್ಳೆ. ಉಸಿರು ಬೆರೆತ ರಕ್ತ. ಮುಂದೆ ಹೋದಂತೆ ಹೆಜ್ಜೆಯ ಎರಡೂ ಬದಿಗೆ ಚಿಮ್ಮಿತ್ತು, ಎಂದರೆ ಗುಂಡು ಈ ಪಕ್ಕದಿಂದ ಹೊಕ್ಕು ಆ ಪಕ್ಕದಿಂದ ಹೊರಟಿದೆ. ಅವಳ ನಡಿಗೆ ಬೇರೆಯಾಯಿತು. ನೂರಿಪ್ಪತ್ತು ಹೆಜ್ಜೆಗೆ ಕಿತ್ತಳೆ ಬಣ್ಣದ ಎರಡು ಟೋಪಿ ಕಂಡವು, ಅವುಗಳ ನಡುವೆ ಹಿಮದ ಮೇಲೆ ಒರಗಿದ ಕಂದು ಮೈ. ಬೇಟೆಗಾರನ ಹೆಸರು ಬರೆದ ಪರವಾನಗಿ ಚೀಟಿ ಆಗಲೇ ಕೊಂಬಿನಲ್ಲಿತ್ತು. ಅರ್ವಿಡನದು.

"ನಿನ್ನ ಸದ್ದಿಗೆ ಬೆಚ್ಚಿ ಸೀದಾ ನನ್ನ ಮಡಿಲಿಗೇ ಬಂತು ನೋಡು," ಅಂದ ಅರ್ವಿಡ್. "ಉಪಕಾರ ಆಯ್ತು ಲೆಂಪಿ."

"ಅದು ನನ್ನದು, ಅರ್ವಿಡ್."

"ಬಿದ್ದಿದ್ದು ನನ್ನ ಗುಂಡಿಗೆ. ಕೇಳು ರೂಡೀನ."

ರೂಡಿ ಟೋಪಿ ಸರಿಮಾಡಿಕೊಂಡ. "ನಾನು ಸದ್ದು ಕೇಳಿ ಬಂದವನಪ್ಪ. ಬರೋ ಹೊತ್ತಿಗೆ ಬಿದ್ದಾಗಿತ್ತು."

"ನೀನೆಲ್ಲಿಗೆ ಹೊಡೆದೆ?" ಲೆಂಪಿ ಅರ್ವಿಡನನ್ನೇ ಕೇಳಿದಳು.

"ಓಡ್ತಿರೋದಕ್ಕೆ ಎಲ್ಲಿ ಸಿಗುತ್ತೋ ಅಲ್ಲಿಗೆ. ಎಲ್ಲಿಗೆ ಅಂತ ಅಳತೆ ಮಾಡ್ತಾ ಕೂತರೆ ಹೋದ ವರ್ಷ ನಿನಗಾದ ಗತಿ ಆಗುತ್ತೆ."

ಬಲತೊಡೆ ಹರಿದು ಮೂಳೆಯ ಚೂರು ಹೊರಕ್ಕೆ ಬಂದಿತ್ತು. ಅದು ದೊಡ್ಡ ಕೋವಿಯ ಕೆಲಸ, ನೋಡಿದ ಯಾರಿಗೂ ಗೊತ್ತಾಗುವಂಥದು. ಬೇಟೆಮನೆಯ ಕಟ್ಟಳೆ ವೆರ್ನರನ ಅಪ್ಪನ ಕಾಲದ್ದು: ಮೊದಲ ಸಾವಿನ ಪೆಟ್ಟು ಯಾರದೋ ಜಿಂಕೆ ಅವರದು. ಲೆಂಪಿ ಕೋವಿಯನ್ನು ಮರಕ್ಕೆ ಒರಗಿಸಿದಳು. "ತೆಗೆದು ನೋಡೋಣ," ಅಂದಳು, ಮತ್ತು ಯಾರೂ ಹೂಂ ಅನ್ನುವ ಮೊದಲೇ ಮೊಣಕಾಲೂರಿ ಚಾಕು ಬಿಚ್ಚಿದಳು. ಅವಳ ಕೈಗೆ ಈ ಕೆಲಸ ಇಪ್ಪತ್ತೆರಡು ವರ್ಷದ ಅಡುಗೆಮನೆಯ ಕೆಲಸದ್ದೇ ಇನ್ನೊಂದು ರೂಪ. ಹೊಟ್ಟೆಯ ಚರ್ಮ ಸೀಳಿ, ಎದೆಯ ಪೊರೆ ಕತ್ತರಿಸಿದಾಗ ಒಳಗೆ ತುಂಬಿ ನಿಂತಿದ್ದ ರಕ್ತ ಬಿಸಿಯಾಗಿ ಅವಳ ತೋಳಿನ ಮೇಲೆ ಹರಿದು ಹಬೆಯೆದ್ದಿತು. ಶ್ವಾಸಕೋಶಗಳನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಮದ ಮೇಲಿಟ್ಟಳು. ಎರಡರ ನಡುವೆಯೂ ಹೆಬ್ಬೆರಳು ಹೋಗುವಷ್ಟು ತೂತು. ಪಕ್ಕೆಲುಬಿನ ಒಂದು ಬದಿ ಸಣ್ಣ ಕಿಂಡಿ, ಇನ್ನೊಂದು ಬದಿ ಅರಳಿದ ಕಿಂಡಿ.

"ಕೈ ಹಾಕಿ ನೋಡು," ಅಂದಳು. "ನಿನ್ನ ಹತ್ತಿರ ಬರೋ ಹೊತ್ತಿಗೆ ಇದು ಸತ್ತಾಗಿತ್ತು. ಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿರಲಿಲ್ಲ."

ರೂಡಿ ಬಗ್ಗಿ ನೋಡಿದ. ನೋಡಿ, ಅರ್ವಿಡನಿಗೂ ಕಾಣಲೆಂದು ಪಕ್ಕಕ್ಕೆ ಸರಿದ. ಅರ್ವಿಡ್ ಕೈ ಹಾಕಲಿಲ್ಲ. "ಸರಿ ಬಿಡು. ಅಷ್ಟೊಂದು ಆಸೆ ಇದ್ದರೆ ತಗೋ. ನಾನೇ ಕೊಟ್ಟೆ ಅಂತ ಇರಲಿ. ತಮ್ಮನ ಹೆಂಡತಿ ಅಲ್ವಾ."

ಇಲ್ಲಿ ನಗಬೇಕಿತ್ತು. ತಲೆ ತಗ್ಗಿಸಿ ಒಂದು ಸಣ್ಣ ನಗು, 'ದೊಡ್ಡ ಮನಸ್ಸು' ಎಂಬ ಒಂದು ಮಾತು, ಎಲ್ಲರೂ ಬೇಟೆಮನೆಗೆ ಮರಳಿ ಕಾಫಿ. ತುಟಿ ಅದಕ್ಕೆ ಸಿದ್ಧವಾಗುತ್ತಿರುವುದು ಅವಳಿಗೇ ತಿಳಿಯಿತು. ಅವಳು ಅದನ್ನು ಹಲ್ಲಿನಿಂದ ಹಿಡಿದಳು.

"ಕೊಡೋಕೆ ಇದು ನಿನ್ನದಲ್ಲ. ಹೋದ ವರ್ಷ ಕೊಟ್ಟೆಯಲ್ಲ, ಆ ತೋಟಾದ ಪೆಟ್ಟಿಗೆ, ಅದು ನಿನ್ನದು. ಹೆಗ್ಗಣ ಹೊಡೆಯೋ ಗುಂಡು ಅದು, ಅರ್ವಿಡ್. ಮೂಳೆಗೆ ತಾಗಿದ ಕೂಡಲೇ ಪುಡಿಯಾಗೋದು. ನಾನು ಗುರಿ ತಪ್ಪಿರಲಿಲ್ಲ."

"ಪೆಟ್ಟಿಗೆ ಮೇಲೆ ಬರೆದಿತ್ತು. ನಿನಗೆ ಕಣ್ಣಿರಲಿಲ್ವಾ?"

ಅದು ನಾಟಿತು, ಯಾಕೆಂದರೆ ನಿಜವಾಗಿತ್ತು. ಈ ಮಾತನ್ನು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ. ಮೊಣಕಾಲ ಮೇಲೆ ಕೂತೇ, ರಕ್ತದ ಕೈಗಳನ್ನು ಹಿಮದಲ್ಲಿ ಉಜ್ಜುತ್ತ ಅಂದಳು: "ಇತ್ತು. ಓದಲಿಲ್ಲ. ಆ ಹೆಣ್ಣು ರಾತ್ರಿಯೆಲ್ಲ ನರಳಿದ ಪಾಪ ನನ್ನ ತಲೆ ಮೇಲೇ ಇರಲಿ, ನಾನು ಬೇಡ ಅನ್ನಲ್ಲ. ಆ ಪೆಟ್ಟಿಗೆ ಕೊಟ್ಟ ಪಾಪ ನಿನ್ನ ತಲೆ ಮೇಲಿರಲಿ. ಇಷ್ಟು ದಿನ ಎರಡನ್ನೂ ನಾನೇ ಹೊತ್ತಿದ್ದೆ."

ಅವನ ಮುಖದಲ್ಲಿ ಏನೋ ಹಾದುಹೋಯಿತು. ಗೊತ್ತಿದ್ದವನ ಮುಖವೋ, ಈಗಷ್ಟೇ ಗೊತ್ತಾದವನ ಮುಖವೋ. ಬೇಸಿಗೆಯೆಲ್ಲ ಕಾಡಿದ್ದ ಪ್ರಶ್ನೆಗೆ ಉತ್ತರ ಆ ಎರಡು ಹುಬ್ಬುಗಳ ನಡುವೆ ಎಲ್ಲೋ ಇತ್ತು. ಅವಳು ನೋಡಿದಳು, ಆದರೆ ಹುಡುಕಲಿಲ್ಲ. ಬೇಕಾಗಿರಲಿಲ್ಲ.

"ನಾಳೆಯಿಂದ ಆ ಮರಸಿನಲ್ಲಿ ಕೂರೋದು ಬೇಡ," ಅಂದ ಅರ್ವಿಡ್, ಮೆತ್ತಗೆ. "ನೆಲ ನನ್ನದು."

ಆ ಹಲಗೆಗಳ ಮೇಲೆ ವೆರ್ನರನ ಮೊಳೆಗಳಿದ್ದವು, ಅವನು ಪೆನ್ಸಿಲಿನಲ್ಲಿ ಗೀಚಿದ ತಾರೀಕುಗಳಿದ್ದವು. ಒಂದು ಮಾತು ಹಿಂದಕ್ಕೆ ತೆಗೆದುಕೊಂಡರೆ ಸಾಕು, ಉಳಿಯುತ್ತಿದ್ದವು. "ಆಯ್ತು," ಅಂದಳು. "ನೆಲ ನಿನ್ನದು. ಜಿಂಕೆ ನನ್ನದು." ಕೊಂಬಿನಿಂದ ಅವನ ಚೀಟಿ ಬಿಚ್ಚಿ ಅವನ ಕೈಗೆ ಕೊಟ್ಟಳು, ತನ್ನದನ್ನು ಕಟ್ಟಿದಳು. ಬೆರಳು ಮರಗಟ್ಟಿದ್ದರಿಂದ ಗಂಟು ಹಾಕಲು ತುಂಬ ಹೊತ್ತು ಹಿಡಿಯಿತು. ಇಬ್ಬರು ಗಂಡಸರೂ ಅಷ್ಟು ಹೊತ್ತೂ ನಿಂತು ನೋಡಿದರು.

ರಸ್ತೆಯವರೆಗೆ ಅರ್ಧ ಮೈಲಿ. ಕೋವಿಯನ್ನು ಹೆಗಲಿಗೆ ಹಾಕಿ, ಕೊಂಬಿಗೆ ಕಟ್ಟಿದ ಹಗ್ಗವನ್ನು ಸೊಂಟಕ್ಕೆ ಸುತ್ತಿ, ಇಪ್ಪತ್ತು ಹೆಜ್ಜೆ ಎಳೆದು, ನಿಂತು, ಮತ್ತೆ ಇಪ್ಪತ್ತು. ಹಿಂದೆ ರೂಡಿ ಏನೋ ಕೇಳಿದ್ದು, ಅರ್ವಿಡ್ ಚುಟುಕಾಗಿ ಉತ್ತರಿಸಿದ್ದು, ಆಮೇಲೆ ಇಬ್ಬರ ಹೆಜ್ಜೆಯೂ ಬೇಟೆಮನೆಯ ಕಡೆಗೆ ಹೋದದ್ದು ಕೇಳಿಸಿತು. ತನ್ನ ಪಿಕಪ್ ಗಾಡಿಯ ಹತ್ತಿರ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು, ಒಳಅಂಗಿ ಬೆವರಿಗೆ ಮೈಗಂಟಿತ್ತು. ಅಲ್ಲಿ ಅವಳಿಗೆ ಹೊಳೆಯಿತು: ಇದನ್ನು ಎತ್ತಿ ಗಾಡಿಗೆ ಹಾಕುವವರು ಯಾರು? ಪ್ರತಿವರ್ಷ ಇಬ್ಬರಿರುತ್ತಿದ್ದರು. ಕೊಂಬು ಹಿಡಿದು ಎತ್ತಿದಳು, ತಲೆ ಮಾತ್ರ ಬಂತು. ಮುಂಗಾಲುಗಳನ್ನು ಅಂಚಿಗೆ ಸಿಕ್ಕಿಸಿ ಹಿಂದಿನಿಂದ ತಳ್ಳಿದಳು, ಜಾರಿತು. ಮೂರನೆಯ ಸಲ ಅದು ಪೂರ್ತಿ ಜಾರಿ ಅವಳನ್ನೂ ಕೆಡವಿ ಅವಳ ತೊಡೆಯ ಮೇಲೆಯೇ ಮಲಗಿತು. ಹಿಮದ ಮೇಲೆ ಅಂಗಾತ, ಜಿಂಕೆಯ ಭಾರದ ಕೆಳಗೆ, ಅವಳು ಬೂದು ಆಕಾಶ ನೋಡುತ್ತ ಉಸಿರೆಳೆದುಕೊಂಡಳು. ಹಿಂದಕ್ಕೆ ನಡೆದು ಹೋಗಿ 'ಒಂದು ಕೈ ಕೊಡಿ' ಅಂದರೆ ಇಬ್ಬರೂ ಬರುತ್ತಾರೆ. ಬಂದು ಎತ್ತಿಯೂ ಕೊಡುತ್ತಾರೆ. ಸಂಜೆಯ ಹೊತ್ತಿಗೆ ಊರಿನ ಹೋಟೆಲಿನಲ್ಲಿ ಕಥೆ ಆ ಎತ್ತುವಿಕೆಯಿಂದಲೇ ಶುರುವಾಗುತ್ತದೆ, ಶ್ವಾಸಕೋಶದ ತೂತುಗಳು ಅದರಲ್ಲಿ ಇರುವುದೇ ಇಲ್ಲ.

ಅವಳು ಕಾಲನ್ನು ಹೊರಗೆಳೆದುಕೊಂಡು ಎದ್ದಳು. ಗಾಡಿಯಿಂದ ಟಾರ್ಪಾಲು ತೆಗೆದು ಹಾಸಿದಳು. ಇಡಿಯಾಗಿ ಬಾರದಿದ್ದರೆ ಬಿಡಿಯಾಗಿ ಬರುತ್ತದೆ. ಚರ್ಮ ಸುಲಿದು, ಕೀಲು ಹುಡುಕಿ, ಚಾಕುವಿನ ತುದಿಯಿಂದ ಸಂದಿ ಬಿಡಿಸಿ ಒಂದೊಂದನ್ನೇ ಗಾಡಿಗೆ ಎತ್ತಿಟ್ಟಳು. ಎಡಭುಜ, ಬಲಭುಜ. ಅವೆರಡೂ ಒಂದು ಗೀರೂ ಇಲ್ಲದೆ ಇದ್ದವು. ಬೆನ್ನಿನ ನೀಳ ಮಾಂಸ, ಪಕ್ಕೆಲುಬಿನ ಗೂಡು, ಚೀಟಿ ಕಟ್ಟಿದ ತಲೆ, ಎಡತೊಡೆ. ಕೊನೆಗೆ ಉಳಿದದ್ದು ಬಲತೊಡೆ. ಅದರ ಅರ್ಧ ಭಾಗ ಕಪ್ಪುಗಟ್ಟಿ, ಹೆಪ್ಪುಗಟ್ಟಿದ ರಕ್ತದ ಮುದ್ದೆಯಾಗಿ, ಎಲುಬಿನ ಚೂರು ತುಂಬಿಕೊಂಡಿತ್ತು.

ಬೇಟೆಮನೆಯ ಕಡೆಯಿಂದ ಅರ್ವಿಡನ ಗಾಡಿ ಬಂತು. ಊರಿಗೆ ಹೊರಟಿದ್ದರು. ಅವಳ ಪಕ್ಕಕ್ಕೆ ಬಂದು ನಿಂತಿತು, ಗಾಜು ಇಳಿಯಿತು. ಅವನು ಟಾರ್ಪಾಲನ್ನೂ ಅವಳ ಗಾಡಿಯಲ್ಲಿ ಸಾಲಾಗಿ ಮಲಗಿದ್ದ ತುಂಡುಗಳನ್ನೂ ಮೊಣಕೈವರೆಗೆ ಕೆಂಪಾದ ಅವಳ ತೋಳನ್ನೂ ನೋಡಿದ.

"ಕರೆದಿದ್ದರೆ ಬರ್ತಿದ್ವಲ್ಲ," ಅಂದ.

"ಗೊತ್ತು," ಅಂದಳು ಲೆಂಪಿ.

ಅವಳು ಬಗ್ಗಿ ಬಲತೊಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕೆಟ್ಟದ್ದನ್ನು ಕೆತ್ತಿ ತೆಗೆದರೆ ಅರ್ಧ ಉಳಿಯುತ್ತಿತ್ತು, ಎರಡು ವಾರದ ಸಾರಿಗಾಗುತ್ತಿತ್ತು. ಅದನ್ನು ಹೊತ್ತು ಅವನ ಗಾಡಿಯ ಹಿಂದಕ್ಕೆ ನಡೆದಳು. ರೂಡಿ ಇಳಿದು ಬಂದು, ಯಾರೂ ಹೇಳದೆ, ಹಿಂಬದಿಯ ಹಲಗೆ ತೆರೆದು ಹಿಡಿದುಕೊಂಡ. ತಗಡಿನ ಮೇಲೆ ಅದು ದಡ್ಡೆಂದು ಬಿತ್ತು.

ಅವಳು ಮರಳಿ ಕಿಟಕಿಯ ಹತ್ತಿರ ಬಂದಳು. "ಅದು ನಿನ್ನ ಪಾಲು," ಅಂದಳು. "ಗುಂಡು ಒಳಗೇ ಇದೆ. ತಿನ್ನುವಾಗ ಹಲ್ಲು ಜೋಪಾನ."

ಅರ್ವಿಡ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮುಂದಿನ ಗಾಜು ನೋಡುತ್ತ ಕೂತ. ಅವನು ಇಳಿಯುತ್ತಾನೆ, ಅದನ್ನು ಎತ್ತಿ ರಸ್ತೆಗೆ ಎಸೆಯುತ್ತಾನೆ ಎಂದು ಅವಳು ಕಾದಳು. ಎಸೆದರೆ ಎಸೆಯಲಿ ಎಂದು ಕಾಲೂರಿಯೇ ನಿಂತಿದ್ದಳು. ರೂಡಿ ಹಲಗೆ ಮುಚ್ಚಿ ಬಂದು ಒಳಗೆ ಕೂತ. ಗಾಜು ಏರಿತು. ಗಾಡಿ ನಿಧಾನವಾಗಿ, ಮೊದಲ ಗೇರಿನಲ್ಲೇ, ಊರಿನ ಕಡೆಗೆ ಹೊರಟಿತು, ತೊಡೆಯನ್ನು ಹೊತ್ತುಕೊಂಡೇ.